ಮಾಳಿಗೆಯ ಕುಂಬಿಯೂ ಮಗುವಿನ ತಲೆಯೂ



ಪವಿತ್ರ ಬೈಬಲ್ಲಿನಲ್ಲಿ ಗೌಂಡಿಗಳಿಗೆಂದೇ ಹೇಳಿದಂತಿರುವ ಒಂದು ವಚನವಿದೆ. ಧರ್ಮೋಪದೇಶಕಾಂಡ 22ನೇ ಅಧ್ಯಾಯ, 8ನೇ ವಚನ. ಹೊಸ ಮನೆ ಕಟ್ಟಿಸುವವನು ಮಾಳಿಗೆಯ ಸುತ್ತ ಕುಂಬಿ ಕಟ್ಟಿಸಬೇಕು. ಕಟ್ಟಿಸದೆ ಬಿಟ್ಟು ಅಲ್ಲಿಂದ ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ಆ ಮನೆಯ ಮೇಲೆಯೇ ಬರುತ್ತದೆ ಎಂಬುದು ಅದರ ತಾತ್ಪರ್ಯ. ಭಾನುವಾರದ ಪೂಜೆಯ ವಾಚನಗಳಲ್ಲಿ ಇದು ಬರುವುದಿಲ್ಲವಾದ್ದರಿಂದ ನಿಮ್ಮಲ್ಲಿ ಅನೇಕರು ಇದನ್ನು ಕೇಳಿರಲಾರಿರಿ. ಗೂಡಿನಲ್ಲಿ ಮರಿಗಳೊಡನೆ ಕುಳಿತ ತಾಯಿಹಕ್ಕಿಯನ್ನು ಹಿಡಿಯಬಾರದು ಎಂಬ ಕಟ್ಟಳೆಯ ಬೆನ್ನಿಗೇ ಈ ಕಟ್ಟಳೆ ಬರುತ್ತದೆ. ಹಕ್ಕಿಯ ಗೂಡನ್ನು ನೋಡಿದ ದೇವರ ಕಣ್ಣು ಮರುಕ್ಷಣವೇ ನಮ್ಮ ಮಾಳಿಗೆಯ ಅಂಚನ್ನು ನೋಡಿದೆ.

ಇಸ್ರಯೇಲರ ಮನೆಗಳು ನಮ್ಮ ವಿಜಯಪುರ ಸೀಮೆಯ ಮನೆಗಳಂತೆಯೇ ಮಾಳಿಗೆ ಮನೆಗಳು. ಯೆರಿಕೋವಿನ ರಾಹಾಬಳು ಗೂಢಚಾರರನ್ನು ಬಚ್ಚಿಟ್ಟದ್ದು ಮಾಳಿಗೆಯ ಮೇಲೆ ಹರಡಿದ್ದ ಅಗಸಿಯ ದಂಟಿನ ಅಡಿಯಲ್ಲಿ. ಸಂತ ಪೇತ್ರರು ಯೊಪ್ಪದಲ್ಲಿ ಮಧ್ಯಾಹ್ನದ ಪ್ರಾರ್ಥನೆಗೆ ಹತ್ತಿದ್ದು ಮಾಳಿಗೆಗೆ. ನಾವೂ ಹಾಗೆಯೇ. ಮೆಣಸಿನಕಾಯಿ, ಶ್ಯಾವಿಗೆ, ಹಪ್ಪಳ ಒಣಗುವುದು ಅಲ್ಲಿ. ಬೇಸಿಗೆಯ ರಾತ್ರಿ ಮಕ್ಕಳುಮರಿ ಸಮೇತ ಮಲಗುವುದೂ ಅಲ್ಲಿ. ಕರಾವಳಿಯ ಹಂಚಿನ ಮನೆಯವರಿಗೆ ಈ ವಚನವನ್ನು ಬಿಡಿಸಿ ಹೇಳಬೇಕಾದೀತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರಿಗೆ ಬೇಕಿಲ್ಲ.

ಈ ಕಟ್ಟಳೆಯಲ್ಲಿ ಒಂದು ವಿಶೇಷವನ್ನು ಗಮನಿಸಿರಿ. ಮನೆಯ ಯಜಮಾನ ಯಾರನ್ನೂ ತಳ್ಳಿಲ್ಲ. ಯಾರ ಮೇಲೂ ಅವನಿಗೆ ದ್ವೇಷವಿಲ್ಲ. ಬಿದ್ದಾಗ ಅವನು ಮನೆಯಲ್ಲಿರಲಿಲ್ಲವೇನೋ. ಆದರೂ ರಕ್ತದ ಹೊಣೆ ಅವನದೇ. ಏಕೆಂದರೆ ಬೀಳಬಹುದು ಎಂಬುದು ಗೊತ್ತಿತ್ತು, ತಡೆಯುವುದು ಸಾಧ್ಯವಿತ್ತು, ಅವನು ತಡೆಯಲಿಲ್ಲ. ಪೂಜೆಯ ಆರಂಭದಲ್ಲಿ ಎದೆ ಬಡಿದುಕೊಂಡು ನಾವು ಮಾಡಿದ ಪಾಪಗಳ ಜೊತೆಗೆ ಮಾಡದೆ ಬಿಟ್ಟ ಕರ್ತವ್ಯಗಳನ್ನೂ ನಿವೇದಿಸುತ್ತೇವಲ್ಲ? ಆ ಮಾತು ಬಾಯಲ್ಲಿ ಬರುವಾಗ ನಮ್ಮ ಮನಸ್ಸಿಗೆ ಬರುವುದು ಬಿಟ್ಟುಹೋದ ಜಪಸರ, ತಪ್ಪಿದ ಭಾನುವಾರದ ಪೂಜೆ. ಕಟ್ಟದೆ ಬಿಟ್ಟ ಕುಂಬಿ ಎಷ್ಟು ಜನರ ನೆನಪಿಗೆ ಬರುತ್ತದೆ?

ನಾನು ಹೇಳಹೊರಟಿರುವುದು ಮಕ್ಕಳ ತಲೆಗೆ ಬೀಳುವ ಪೆಟ್ಟಿನ ವಿಷಯ. ವೈದ್ಯರು ಹೇಳಬೇಕಾದ್ದನ್ನು ಗುರುಗಳೇಕೆ ಹೇಳುತ್ತಾರೆ ಎಂದು ನೀವು ಕೇಳಬಹುದು. ತಲೆಗೆ ಪೆಟ್ಟಾದ ಮೇಲೆ ವೈದ್ಯರು ಮಾತಾಡುತ್ತಾರೆ. ಪೆಟ್ಟಾಗುವ ಮೊದಲಿನದು ಮನೆಯ ಮಾತು, ಮನಸ್ಸಾಕ್ಷಿಯ ಮಾತು, ಐದನೆಯ ದೈವಾಜ್ಞೆಯ ಮಾತು.

ಮಗು ಬಿದ್ದರೆ ಮೊದಲು ನೆಲಕ್ಕೆ ಬಡಿಯುವುದು ತಲೆಯೇ ಏಕೆ? ಹುಟ್ಟಿದ ಶಿಶುವಿನ ತಲೆ ಅದರ ಮೈಯ ಉದ್ದದಲ್ಲಿ ನಾಲ್ಕನೆಯ ಒಂದು ಭಾಗ. ಬೆಳೆದವರಲ್ಲಿ ಸುಮಾರು ಎಂಟನೆಯ ಒಂದು ಭಾಗ. ಮಗುವಿನ ಕತ್ತಿನ ಸ್ನಾಯುಗಳು ಎಳೆಯವು, ಬುರುಡೆ ತೆಳು. ತಲೆಭಾರವಾದ ಕೊಡದಂತೆ ಅದು ಮುಂದಕ್ಕೆ ಉರುಳುತ್ತದೆ. ಬುರುಡೆಯ ಒಳಗೆ ಮಿದುಳು ನೀರಿನಂಥ ದ್ರವದಲ್ಲಿ ತೇಲುತ್ತಿರುತ್ತದೆ. ಮೊಸರಿನ ಗಡಿಗೆಯನ್ನು ನೆಲಕ್ಕೆ ಜೋರಾಗಿ ಕುಕ್ಕಿ ನೋಡಿರಿ. ಗಡಿಗೆ ಒಡೆಯದಿದ್ದರೂ ಒಳಗಿನ ಕೆನೆಮೊಸರು ಕದಡಿ ಒಡೆಯುತ್ತದೆ. ಮಿದುಳಿನ ಪಾಡೂ ಅದೇ. ಹಣೆಯ ಮೇಲೆ ಗಾಯವಿಲ್ಲ, ರಕ್ತವಿಲ್ಲ, ಒಂದು ಬುಗುಟೆ ಮಾತ್ರ ಎಂದು ನಾವು ಸಮಾಧಾನ ಪಡುತ್ತೇವೆ. ಒಳಗೆ ಮಿದುಳು ಒಂದು ಬದಿಗೆ ಬಡಿದು, ತಿರುಗಿ ಎದುರು ಬದಿಗೂ ಬಡಿದಿರಬಹುದು, ಸಣ್ಣ ನರತಂತುಗಳು ಜಗ್ಗಿ ಹರಿದಿರಬಹುದು, ರಕ್ತನಾಳ ಒಡೆದು ಮೆಲ್ಲಮೆಲ್ಲಗೆ ಜಿನುಗುತ್ತಿರಬಹುದು.

ಈ ನಾಲ್ಕು ತಾಲ್ಲೂಕುಗಳಲ್ಲಿ ಮಕ್ಕಳು ಎಲ್ಲಿಂದ ಬೀಳುತ್ತಾರೆ ಎಂಬುದನ್ನು ನಿಮಗಿಂತ ಚೆನ್ನಾಗಿ ಬಲ್ಲವರಾರು? ಕುಂಬಿಯಿಲ್ಲದ ಮಾಳಿಗೆ. ಮಾಳಿಗೆಯ ನಡುವೆ ಬಾಯ್ತೆರೆದ ಬೆಳಕಿಂಡಿ. ಗೋಡೆಗೆ ಒರಗಿಸಿ ಹಾಗೇ ಬಿಟ್ಟ ಏಣಿ. ಕೃಷ್ಣೆಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಬಂದ ಬಾಗೇವಾಡಿ, ಮುದ್ದೇಬಿಹಾಳ ಕಡೆಯ ಪುನರ್ವಸತಿ ಕೇಂದ್ರಗಳಲ್ಲಿ ಹಳೆಯ ಮಣ್ಣಿನ ಮಾಳಿಗೆ ಹೋಗಿ ಸಿಮೆಂಟಿನ ಸ್ಲ್ಯಾಬು ಬಂದಿತು. ಸ್ಲ್ಯಾಬಿನ ಮೇಲೆ ಕಬ್ಬಿಣದ ಸರಳುಗಳು ಆಕಾಶಕ್ಕೆ ಮುಖಮಾಡಿ ನಿಂತಿವೆ, ಕುಂಬಿ ಮಾತ್ರ ಇಲ್ಲ. ಕೇಳಿದರೆ "ಮುಂದ ಮ್ಯಾಲ ಎರಡು ಖೋಲಿ ಕಟ್ಟೂದೈತ್ರಿ ಫಾದರ್, ಅವಾಗ ಎಲ್ಲಾ ಮಾಡೂದು" ಎನ್ನುತ್ತಾರೆ. ಆ ಎರಡು ಖೋಲಿಗಳು ಏಳುವ ಹೊತ್ತಿಗೆ ಮಗ ದೊಡ್ಡವನಾಗಿ ಕಾಲೇಜಿಗೆ ಹೋಗುತ್ತಾನೆ. ಕುಂಬಿ ಬೇಕಾದದ್ದು ಅವನಿಗೆ ಮೂರು ವರ್ಷವಾಗಿದ್ದಾಗ.

ಪಂಚಮಿಗೆ ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತೇವೆ. ಆ ಸಂತೋಷವನ್ನು ಮಕ್ಕಳಿಂದ ಕಸಿಯಬೇಡಿರಿ. ಹಗ್ಗವನ್ನು ಮೊದಲು ನೀವು ಜಗ್ಗಿ ನೋಡಿರಿ, ಅಡಿಯಲ್ಲಿ ಫರಸಿ ಕಲ್ಲಿದ್ದರೆ ಎರಡು ಬುಟ್ಟಿ ಮರಳೋ ಹೊಟ್ಟೋ ಹರಡಿರಿ. ಬೀಳುವ ಎತ್ತರದಷ್ಟೇ ಬೀಳುವ ನೆಲವೂ ಮುಖ್ಯ.

ಕಬ್ಬಿನ ಸುಗ್ಗಿಯಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ರಾತ್ರಿಯೆಲ್ಲ ಓಡುತ್ತವೆ. ಹೇರಿದ ಕಬ್ಬಿನ ತುದಿಯಲ್ಲಿ ಮಕ್ಕಳು ಕುಳಿತಿರುತ್ತಾರೆ. ಹಿಂದಿನಿಂದ ಕಬ್ಬು ಹಿರಿಯಲು ಹುಡುಗರು ನೇತಾಡುತ್ತಾರೆ. ಸಿಂದಗಿಯನ್ನು ಹಾದು ಬರುವ 50ನೇ ನಂಬರಿನ ಹೆದ್ದಾರಿ, ಝಳಕಿಯ ಮೇಲೆ ಸೊಲ್ಲಾಪುರಕ್ಕೆ ಹೋಗುವ 52ನೇ ನಂಬರಿನ ಹೆದ್ದಾರಿ ಅಗಲವಾದವು, ವೇಗವೂ ಹೆಚ್ಚಿತು. ಒಂದು ಮೋಟಾರ್ ಸೈಕಲ್ಲಿನ ಮೇಲೆ ತಂದೆ, ತಾಯಿ, ನಡುವೆ ಒಂದು ಮಗು, ಪೆಟ್ರೋಲ್ ಟ್ಯಾಂಕಿನ ಮೇಲೆ ಇನ್ನೊಂದು. ತಂದೆಯ ತಲೆಯ ಮೇಲೆ ಹೆಲ್ಮೆಟ್ ಇದ್ದರೆ ಅದು ಪೊಲೀಸರ ಭಯಕ್ಕೆ. ಮಗುವಿನ ತಲೆ ಬರಿದು. 2022ರಲ್ಲಿ ಹೊರಡಿಸಿದ ಕೇಂದ್ರ ನಿಯಮ ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೂ ಅವರ ಅಳತೆಯ ಹೆಲ್ಮೆಟ್ಟು ಬೇಕು, ಸವಾರನಿಗೆ ಮಗುವನ್ನು ಬಿಗಿದಿಡುವ ಪಟ್ಟಿ ಬೇಕು, ವೇಗ ತಾಸಿಗೆ 40 ಕಿಲೋಮೀಟರ್ ಮೀರಬಾರದು ಎನ್ನುತ್ತದೆ. ನಾಲ್ಕು ವರ್ಷ ದಾಟಿದವರಿಗೆ ಹೆಲ್ಮೆಟ್ ಕಡ್ಡಾಯವೆಂದು ಅದಕ್ಕೂ ಮೊದಲೇ, 2019ರ ತಿದ್ದುಪಡಿ ಹೇಳಿದೆ. ಹದಿನೆಂಟು ತುಂಬದ ಮಗನಿಗೆ ಬೈಕಿನ ಕೀಲಿ ಕೊಟ್ಟ ತಂದೆಗೆ ಮೂರು ವರ್ಷದವರೆಗೆ ಸೆರೆವಾಸವೂ 25,000 ರೂಪಾಯಿ ದಂಡವೂ ಅದೇ ಕಾಯಿದೆಯಲ್ಲಿದೆ. ನಮ್ಮ ದೇಶದ ರಸ್ತೆಗಳಲ್ಲಿ 2022ರ ಒಂದೇ ವರ್ಷದಲ್ಲಿ ಪ್ರಾಣ ಬಿಟ್ಟವರು 1,68,491 ಜನ. ಸರ್ಕಾರದ ಲೆಕ್ಕ ಇದು. ಕುಡಿದು ಅಥವಾ ವೇಗದ ಹುಚ್ಚಿನಿಂದ ತನ್ನ ಮತ್ತು ಇತರರ ಪ್ರಾಣವನ್ನು ಗಂಡಾಂತರಕ್ಕೆ ಒಡ್ಡುವವರು ಘೋರ ಅಪರಾಧಿಗಳು ಎಂದು 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಐದನೆಯ ಆಜ್ಞೆಯ ಅಡಿಯಲ್ಲೇ ಕಲಿಸುತ್ತದೆ. ಮದುವೆಯ ಊಟ ಮುಗಿಸಿ ನಾಲ್ಕು ಗುಟುಕು ಹಾಕಿ ಮಗುವನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೊರಡುವ ತಂದೆ ಪಾಪನಿವೇದನೆಗೆ ಬಂದಾಗ ಅದನ್ನೂ ಹೇಳಬೇಕು.

ಇನ್ನೊಂದು ಕಾರಣವನ್ನು ಹೇಳಲು ಮನಸ್ಸಿಗೆ ನೋವಾಗುತ್ತದೆ. ಮಗುವಿನ ತಲೆಗೆ ಬೀಳುವ ಪೆಟ್ಟುಗಳಲ್ಲಿ ಕೆಲವು ನಮ್ಮ ಕೈಯಿಂದಲೇ ಬೀಳುತ್ತವೆ. ಅಳು ನಿಲ್ಲಿಸದ ಕೂಸನ್ನು ರಟ್ಟೆ ಹಿಡಿದು ಜೋರಾಗಿ ಅಲುಗಾಡಿಸುವುದು, ಗೋಡೆಗೆ ತಲೆ ಕುಟ್ಟಿಸುವುದು, ಕಪಾಳಕ್ಕೆ, ನೆತ್ತಿಗೆ ಹೊಡೆಯುವುದು. ತಲೆ ಎಲ್ಲಿಗೂ ಬಡಿಯದೆ ಬರೀ ಅಲುಗಾಡಿಸುವುದರಿಂದಲೇ ಎಳೆಗೂಸಿನ ಮಿದುಳಿನ ಮೇಲಿನ ರಕ್ತನಾಳಗಳು ಹರಿಯಬಹುದೆಂದು ಇಂಗ್ಲೆಂಡಿನ ಶಸ್ತ್ರವೈದ್ಯ ಗತ್ಕೆಲ್ಚ್ ಅವರು 1971ರಲ್ಲೇ ಬರೆದರು. ರಾತ್ರಿಯೆಲ್ಲ ಅಳುವ ಕೂಸಿನೆದುರು ಸಹನೆ ಮುಗಿಯಿತು ಅನ್ನಿಸಿದರೆ, ತಾಯಂದಿರೇ, ಕೂಸನ್ನು ನೆಲದ ಮೇಲೆ ಹಾಸಿಗೆಯಲ್ಲಿ ಮಲಗಿಸಿ ಹತ್ತು ಹೆಜ್ಜೆ ಹೊರಗೆ ಹೋಗಿ ನಿಲ್ಲಿರಿ. ಅಳುವುದರಿಂದ ಕೂಸು ಸಾಯುವುದಿಲ್ಲ. ಅತ್ತೆಯನ್ನೋ ನೆರೆಯವಳನ್ನೋ ಕರೆಯಿರಿ. ಗಂಡಂದಿರೇ, ಅಂಥ ರಾತ್ರಿ ಕೂಸನ್ನು ಎತ್ತಿಕೊಳ್ಳುವ ಸರದಿ ನಿಮ್ಮದು. ಶಾಲೆಯಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. ಜ್ಞಾನೋಪದೇಶದ ತರಗತಿಗೆ ಬೇರೆ ಕಾನೂನಿಲ್ಲ ಎಂಬುದನ್ನು ನಮ್ಮ ಉಪದೇಶಿಗಳೂ ನೆನಪಿಡಲಿ.

ಈಗ ಲಚ್ಯಾಣದ ಮಾತಿಗೆ ಬರೋಣ. 2024ರ ಏಪ್ರಿಲ್ 3ರ ಸಂಜೆ ಇಂಡಿ ತಾಲ್ಲೂಕಿನ ಆ ಊರಿನಲ್ಲಿ ಒಂದು ಪುಟ್ಟ ಗಂಡುಮಗು ಬಾಯ್ತೆರೆದ ಕೊಳವೆಬಾವಿಯೊಳಗೆ ತಲೆಕೆಳಗಾಗಿ ಜಾರಿತು. ಇಡೀ ರಾತ್ರಿ ಪಕ್ಕದಲ್ಲಿ ಗುಂಡಿ ತೋಡಿದರು, ಕಲ್ಲು ಕೊರೆದರು. ಸುಮಾರು 20 ತಾಸುಗಳ ನಂತರ, ಮರುದಿನ ಮಧ್ಯಾಹ್ನ, ಮಗು ಜೀವಂತವಾಗಿ ಮೇಲೆ ಬಂದಿತು. ಗುಡಿ, ಮಸೀದಿ, ಚರ್ಚು ಎನ್ನದೆ ಎಲ್ಲ ಕಡೆ ಜನ ಕೈಮುಗಿದರು. ಹತ್ತು ವರ್ಷ ಮೊದಲು, 2014ರ ಜೂನಿನಲ್ಲಿ, ವಿಜಯಪುರದ ಬಳಿಯ ನಾಗಠಾಣದಲ್ಲಿ ಹೀಗೆಯೇ ಬಿದ್ದ ಹೆಣ್ಣುಮಗು ಜೀವಂತವಾಗಿ ಮರಳಲಿಲ್ಲ. ಕೊಳವೆಬಾವಿಗಳ ಬಾಯಿ ಮುಚ್ಚಬೇಕು, ಸುತ್ತ ಬೇಲಿ ಹಾಕಬೇಕು ಎಂದು ಸುಪ್ರೀಂ ಕೋರ್ಟು 2010ರಲ್ಲೇ ಆದೇಶಿಸಿತ್ತು. ಧರ್ಮೋಪದೇಶಕಾಂಡದ ಕುಂಬಿಯ ಮಾತನ್ನೇ ಕೋರ್ಟು ನೆಲದ ಕೆಳಗಿನ ತೂತಿಗೆ ಹೇಳಿತು ಎನ್ನಬಹುದು. ವಿಮೋಚನಕಾಂಡದ 21ನೇ ಅಧ್ಯಾಯದಲ್ಲಿ ತೆರೆದ ಗುಂಡಿಯನ್ನು ಮುಚ್ಚದೆ ಬಿಟ್ಟವನು ಅದರಲ್ಲಿ ಬಿದ್ದ ಎತ್ತು ಕತ್ತೆಗಳ ಬೆಲೆಯನ್ನು ತೆರಬೇಕೆಂಬ ಕಟ್ಟಳೆಯೂ ಇದೆ. ಎತ್ತಿಗೇ ಹೀಗಾದರೆ ಮಗುವಿಗೆ?

ಲಚ್ಯಾಣದಲ್ಲಿ ದೇಶವೇ ಉಸಿರು ಬಿಗಿಹಿಡಿದು ನಿಂತಿತು, ಸರಿ. ಮಾಳಿಗೆಯಿಂದ ಬಿದ್ದ ಮಗುವಿಗಾಗಿ ಯಾವ ಕ್ಯಾಮೆರಾವೂ ಬರುವುದಿಲ್ಲ. ಎರಡು ಸಾಲಿನ ಸುದ್ದಿಯೂ ಆಗುವುದಿಲ್ಲ. ನೆರೆಹೊರೆಯವರು ಬಂದು "ಅದರ ಹಣೆಬರಹ ಅಷ್ಟ ಇತ್ತು ನೋಡವಾ" ಎಂದು ಸಮಾಧಾನ ಹೇಳಿ ಹೋಗುತ್ತಾರೆ. ನಮ್ಮವರು ಸ್ವಲ್ಪ ತಿದ್ದಿ "ದೇವರ ಚಿತ್ತ" ಎನ್ನುತ್ತಾರೆ. ಹಣೆಯಲ್ಲಿ ಏನೋ ಬರೆದಿದೆ ಎಂದು ನಂಬುವವರಾದರೂ ಆ ಹಣೆಯನ್ನು ಜೋಪಾನ ಮಾಡಬೇಕಲ್ಲವೇ?

"ಏನೂ ಆಗೂದಿಲ್ಲ ಬಿಡ್ರಿ ಫಾದರ್, ಮಕ್ಕಳನ್ನ ಕಾಯಾಕ ದೇವದೂತರು ಅದಾರ" ಎಂಬ ಮಾತನ್ನು ನಾನು ಭಕ್ತಿವಂತರ ಬಾಯಲ್ಲೇ ಕೇಳಿದ್ದೇನೆ. ಕಾವಲುದೂತರಿದ್ದಾರೆ, ಅಕ್ಟೋಬರ್ 2ರಂದು ಅವರ ಹಬ್ಬವನ್ನೇ ಆಚರಿಸುತ್ತೇವೆ. ಆದರೆ ಪ್ರಿಯರೇ, ಶುಭಸಂದೇಶದಲ್ಲಿ ಆ ವಾದವನ್ನು ಮೊದಲು ಮುಂದಿಟ್ಟವರು ಯಾರು? ಮತ್ತಾಯನ 4ನೇ ಅಧ್ಯಾಯವನ್ನು ತೆರೆದು ನೋಡಿರಿ. ಸೈತಾನನು ಯೇಸುಸ್ವಾಮಿಯನ್ನು ಮಹಾದೇವಾಲಯದ ಶಿಖರದ ಅಂಚಿಗೆ ಕರೆದೊಯ್ದು, ಇಲ್ಲಿಂದ ಧುಮುಕು, ದೂತರು ಎತ್ತಿಕೊಳ್ಳುತ್ತಾರೆ ಎಂದು ಕೀರ್ತನೆಯನ್ನೇ ಉದ್ಧರಿಸಿ ಹೇಳುತ್ತಾನೆ. ದೇವದೂತರ ಮೇಲೆ ಯೇಸುವಿಗೆ ವಿಶ್ವಾಸವಿರಲಿಲ್ಲವೇ? ಇತ್ತು. ಆದರೂ ಪ್ರಭು ಧುಮುಕಲಿಲ್ಲ. ಹಾಗೆ ಮಾಡುವುದು ದೇವರನ್ನು ಪರೀಕ್ಷಿಸಿದಂತೆ ಎಂದರು. ಕುಂಬಿಯಿಲ್ಲದ ಮಾಳಿಗೆಯ ಮೇಲೆ ಮಗುವನ್ನು ಆಡಲು ಬಿಟ್ಟು ದೂತರ ಮೇಲೆ ಭಾರ ಹಾಕುವುದನ್ನು ವಿಶ್ವಾಸ ಎಂದು ಕರೆಯಬೇಡಿರಿ. ಅದು ಶಿಖರದ ಮೇಲೆ ಸೈತಾನನು ಹೇಳಿಕೊಟ್ಟ ಪಾಠ. ಅವನು ಪ್ರಭುವಿಗೆ ತಾವೇ ಧುಮುಕಲು ಹೇಳಿದ. ನಾವಾದರೋ ಮಗುವನ್ನು ಅಂಚಿನಲ್ಲಿ ನಿಲ್ಲಿಸುತ್ತೇವೆ.

ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣವನ್ನು ಬಿಡಿಸುವಾಗ ಮುಂದಾಲೋಚನೆಯೇ ಅದರ ಪ್ರಮುಖ ಅಂಗ ಎನ್ನುತ್ತಾರೆ. ದೇವರ ಪರಿಪಾಲನೆಗೂ ಮನುಷ್ಯನ ಮುಂದಾಲೋಚನೆಗೂ ಲತೀನಿನಲ್ಲಿ ಒಂದೇ ಪದ. ದೇವರು ಲೋಕವನ್ನು ಪರಿಪಾಲಿಸುವುದು ಅನೇಕ ವೇಳೆ ಮನುಷ್ಯರ ಕೈಗಳಿಂದ; ಆ ಕೈಯಲ್ಲಿ ಕರಣಿ, ಇಟ್ಟಿಗೆ ಇರಬಹುದು. ದೀಕ್ಷಾಸ್ನಾನದ ಊಟಕ್ಕೆ ಸಾಲ ಮಾಡುವವರು ಆ ಖರ್ಚಿನಲ್ಲಿ ಸ್ವಲ್ಪ ಉಳಿಸಿದರೆ ಅದೇ ಕೂಸಿಗೆ ಮೂರೂವರೆ ಅಡಿಯ ಕುಂಬಿ ಎದ್ದೀತು. ಅಷ್ಟೂ ಶಕ್ತಿಯಿಲ್ಲದವರು ಅಂಚಿನುದ್ದಕ್ಕೂ ಜಾಲಿಮುಳ್ಳಿನ ಕಂಟಿ ಹೇರಿದರೂ ಸಾಕು, ಬೆಳಕಿಂಡಿಗೆ ಒಂದು ಕಬ್ಬಿಣದ ಜಾಳಿಗೆ, ಬಳಸಿದ ಮೇಲೆ ಏಣಿಯನ್ನು ಅಡ್ಡ ಮಲಗಿಸುವ ರೂಢಿ. ಮಾಳಿಗೆಯಲ್ಲಿ ಮಲಗುವಾಗ ಮಕ್ಕಳನ್ನು ನಡುವೆ ಹಾಕಿಕೊಳ್ಳಿರಿ. ನಿದ್ದೆಗಣ್ಣಿನಲ್ಲಿ ಒಂದಕ್ಕೆ ಎದ್ದ ಮಗುವಿಗೆ ಅಂಚು ಕಾಣುವುದಿಲ್ಲ. ಪುಣೆ, ಮುಂಬಯಿ, ಗೋವೆಗಳಿಗೆ ದುಡಿಯಲು ಹೋಗುವ ಕುಟುಂಬಗಳೇ, ನಿಮ್ಮ ಕೂಸುಗಳು ಆಡುವುದು ಕಟ್ಟುತ್ತಿರುವ ನಾಲ್ಕನೆಯ, ಐದನೆಯ ಅಂತಸ್ತಿನಲ್ಲಿ. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಟ್ಟಡದ ಕೆಲಸದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಕೊಠಡಿ ಒದಗಿಸಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯಿದೆ ಹೇಳಿತ್ತು. ಕೇಳಿರಿ. ಕೇಳುವುದು ನಿಮ್ಮ ಹಕ್ಕು.

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಯೂತಿಕನೆಂಬ ಯುವಕನ ಕಥೆ ಬರುತ್ತದೆ. ತ್ರೋವದಲ್ಲಿ ಸಂತ ಪೌಲರು ಮಧ್ಯರಾತ್ರಿಯವರೆಗೆ ಪ್ರಸಂಗ ಮಾಡುತ್ತಿದ್ದಾಗ ಕಿಟಕಿಯಲ್ಲಿ ಕುಳಿತಿದ್ದ ಅವನು ತೂಕಡಿಸಿ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದನು. (ನಮ್ಮಂಥ ಗುರುಗಳಿಗೆ ಇದರಲ್ಲಿ ಬೇರೊಂದು ಎಚ್ಚರಿಕೆಯೂ ಉಂಟು.) ಪೌಲರು ಪ್ರಸಂಗವನ್ನು ಅಲ್ಲಿಗೇ ನಿಲ್ಲಿಸಿ ಕೆಳಗಿಳಿದು ಹೋದರು. ಬಿದ್ದವನ ಬಳಿಗೆ ತಕ್ಷಣ ಹೋಗಬೇಕು, ಉಳಿದದ್ದೆಲ್ಲ ಆಮೇಲೆ.

ನಮ್ಮಲ್ಲಿ ತಕ್ಷಣ ಏನು ನಡೆಯುತ್ತದೆ? ಗಾಯಕ್ಕೆ ಕಾಫಿಪುಡಿ ಮೆತ್ತುತ್ತಾರೆ. ಎಚ್ಚರವಿಲ್ಲದ ಬಾಯಿಗೆ ನೀರು ಹನಿಸುತ್ತಾರೆ. ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಹೆಗಲ ಮೇಲೆ ಹೊತ್ತು ಓಡುತ್ತಾರೆ. ಕತ್ತಿನ ಎಲುಬು ಮುರಿದಿದ್ದರೆ ಆ ಓಟದಲ್ಲಿ ಕೈಕಾಲು ಹೋಗುತ್ತವೆ. ಹಾಗೆ ಮಾಡಬೇಡಿರಿ. ಮಗುವನ್ನು ಬಿದ್ದಲ್ಲೇ ಅಲುಗಿಸದೆ ಇಟ್ಟು, ತಲೆ ಕತ್ತು ಬೆನ್ನು ಒಂದೇ ಸಾಲಿನಲ್ಲಿರುವಂತೆ ಹಿಡಿದು, ರಕ್ತ ಬರುವಲ್ಲಿ ಶುಭ್ರ ಬಟ್ಟೆ ಒತ್ತಿರಿ. ವಾಂತಿಯಾದರೆ ಕತ್ತು ತಿರುಚದೆ ಇಡೀ ಮೈಯನ್ನು ಒಂದು ಮಗ್ಗುಲಿಗೆ ಹೊರಳಿಸಿರಿ. 108ಕ್ಕೆ ಫೋನು ಮಾಡಿರಿ. 2008ರಿಂದ ಈ ಸೇವೆ ನಮ್ಮ ರಾಜ್ಯದಲ್ಲಿದೆ, ದುಡ್ಡು ಕೇಳುವಂತಿಲ್ಲ.

ತುಂಬ ಮೋಸ ಮಾಡುವುದು ಮತ್ತೊಂದು ಬಗೆಯ ಪೆಟ್ಟು. ಬಿದ್ದ ಮಗು ಅತ್ತು ಎದ್ದು ಕುಳಿತು ರೊಟ್ಟಿ ತಿನ್ನುತ್ತದೆ, ಆಡುತ್ತದೆ. ಮನೆಯವರು ದೇವರಿಗೆ ಕೃತಜ್ಞತೆ ಹೇಳಿ ಮಲಗುತ್ತಾರೆ. ಬುರುಡೆಗೂ ಮಿದುಳಿನ ಹೊದಿಕೆಗೂ ನಡುವೆ ರಕ್ತ ಕೂಡುತ್ತಾ ಹೋಗಿ ಕೆಲವು ತಾಸುಗಳ ಮೇಲೆ ಮಿದುಳನ್ನು ಅದುಮುತ್ತದೆ. ಆದ್ದರಿಂದ ಮೊದಲ ಒಂದು ದಿನ, ಒಂದು ರಾತ್ರಿ ಕಣ್ಣಿಟ್ಟು ಕಾಯಬೇಕು. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಫಿಟ್ಸು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಾಣುವುದು, ಕಿವಿ ಮೂಗಿನಿಂದ ರಕ್ತ ಅಥವಾ ತಿಳಿನೀರು, ಒಂದು ಕೈಯೋ ಕಾಲೋ ಸೋಲುವುದು, ತೊದಲು, ಗುರುತು ಹಿಡಿಯದಿರುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವುದನ್ನು ಕಾಯಬೇಡಿರಿ. ನಿದ್ದೆ ಮಾಡಿದರೆ ಅಪಾಯ ಎಂಬ ಭಯ ಅನೇಕರಲ್ಲಿದೆ. ನಿದ್ದೆ ಸಹಜ, ಎಬ್ಬಿಸಿದರೂ ಏಳದ ಮಂಪರು ಅಪಾಯ. ಮಾತು ಬಾರದ ಕೂಸಾದರೆ ಹಾಲು ಬಿಡುವುದು, ಸಂತೈಸಲಾಗದ ಅಳು, ನೆತ್ತಿಯ ಮೆತ್ತನೆ ಜಾಗ ಉಬ್ಬುವುದನ್ನು ನೋಡಬೇಕು. ಎರಡು ವರ್ಷದೊಳಗಿನ ಕೂಸನ್ನಂತೂ ಸಣ್ಣ ಪೆಟ್ಟೆಂದು ಬಿಡದೆ ವೈದ್ಯರಿಗೆ ತೋರಿಸಿರಿ. ಸಾದಾ ಎಕ್ಸ್‌ರೇಯಲ್ಲಿ ಬುರುಡೆ ಕಾಣುತ್ತದೆ, ಒಳಗಿನ ರಕ್ತ ಕಾಣುವುದಿಲ್ಲ. ಸಿ.ಟಿ. ಸ್ಕ್ಯಾನ್ ಬೇಕೇ ಬೇಡವೇ ಎಂಬುದನ್ನು ವೈದ್ಯರು ನಿರ್ಧರಿಸಲಿ; ಪ್ರತಿ ಬುಗುಟೆಗೂ ಅದು ಬೇಕಿಲ್ಲ. ತಲೆಯ ಶಸ್ತ್ರಚಿಕಿತ್ಸೆಗೆ ನಮ್ಮ ಹಳ್ಳಿಗಳಿಂದ ವಿಜಯಪುರವನ್ನೋ ಸೊಲ್ಲಾಪುರವನ್ನೋ ಹುಬ್ಬಳ್ಳಿಯನ್ನೋ ಮುಟ್ಟಬೇಕು. ಬೆಂಗಳೂರಿನ ನಿಮ್ಹಾನ್ಸ್ ಐನ್ನೂರು ಕಿಲೋಮೀಟರಿಗಿಂತ ದೂರ. ಮೊದಲ ಪೆಟ್ಟು ಬಿದ್ದಾಯಿತು, ಅದನ್ನು ಯಾರೂ ಹಿಂತೆಗೆಯಲಾರರು. ಊತ, ರಕ್ತಸ್ರಾವ, ಉಸಿರಿನ ಕೊರತೆಯಿಂದ ಮಿದುಳಿಗೆ ಬೀಳುವ ಎರಡನೆಯ ಪೆಟ್ಟನ್ನು ತಡೆಯುವುದು ನಮ್ಮ ಕಾಲಿನ ವೇಗದಲ್ಲಿದೆ.

ಶೂನೇಮಿನ ತಾಯಿಯನ್ನು ನೆನೆಯಿರಿ. ಸುಗ್ಗಿಯ ಹೊಲದಲ್ಲಿ ಅವಳ ಮಗ ತಲೆ ಹಿಡಿದುಕೊಂಡು ತಂದೆಗೆ ನೋವು ಹೇಳಿಕೊಂಡ. ಬಿಸಿಲಿನ ಹೊಡೆತವಿರಬಹುದು. ತಂದೆ ಕೊಯ್ಲು ಬಿಟ್ಟು ಏಳಲಿಲ್ಲ. ತಾಯಿಯ ಬಳಿಗೆ ಒಯ್ಯಿರೆಂದು ಆಳಿಗೆ ಹೇಳಿದ. ಮಧ್ಯಾಹ್ನದ ಹೊತ್ತಿಗೆ ಹುಡುಗ ತಾಯಿಯ ತೊಡೆಯ ಮೇಲೆ ಪ್ರಾಣ ಬಿಟ್ಟ. ಅವಳು ಪ್ರವಾದಿ ಎಲೀಷನನ್ನು ಕಾಣಲು ಹೊರಟಾಗ ಗಂಡ ಕೇಳಿದ್ದೇನು? ಇವತ್ತು ಅಮಾವಾಸ್ಯೆಯೂ ಅಲ್ಲ, ಸಬ್ಬತ್ತೂ ಅಲ್ಲ, ಈಗೇಕೆ ಎಂದು! ಅವಳು ವಾದಕ್ಕೆ ನಿಲ್ಲಲಿಲ್ಲ. ಕತ್ತೆಗೆ ತಡಿ ಹಾಕಿಸಿ, ಎಲ್ಲೂ ನಿಧಾನ ಮಾಡಬೇಡ ಎಂದು ಆಳಿಗೆ ಹೇಳಿ ಕಾರ್ಮೆಲ್ ಬೆಟ್ಟದವರೆಗೆ ಓಡಿಸಿದಳು. ಮನೆಯಲ್ಲಿ ಗಂಡಸರಿಲ್ಲ, ಕೇಳಿ ಹೋಗಬೇಕು ಎಂದು ಬಾಗಿಲಲ್ಲಿ ನಿಲ್ಲುವ ನಮ್ಮ ಹೆಣ್ಣುಮಕ್ಕಳು ಈ ತಾಯಿಯನ್ನು ಬಲ್ಲರೇ?

ಹೆದ್ದಾರಿಯಲ್ಲಿ ಬಿದ್ದ ಮಗು ಬೇರೆಯವರದಾದರೆ ಪೊಲೀಸು, ಕೋರ್ಟು ಎಂದು ಹೆದರಿ ಮುಂದೆ ಹೋಗುವವರಿದ್ದಾರೆ. ಗಾಯಾಳುವಿಗೆ ನೆರವಾದವನನ್ನು ಕಾಡುವಂತಿಲ್ಲ, ಹೆಸರು ಹೇಳೆಂದು ಒತ್ತಾಯಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿಸಿದ ಕಲಮು ಹೇಳುತ್ತದೆ. ಆ ಕಲಮು ಅಂಥವನನ್ನು ಕರೆಯುವುದು ಸಂತ ಲೂಕರ ಸಾಮತಿಯ ಹೆಸರಿನಿಂದಲೇ: ಒಳ್ಳೆಯ ಸಮಾರಿಯದವನು. ನಮ್ಮ ದೇಶದ ಕಾನೂನಿಗೆ ಶುಭಸಂದೇಶದ ಆ ಪಥಿಕ ಗೊತ್ತು. ಯಾಜಕನೂ ಲೇವಿಯನೂ ಆಚೆ ಬದಿಯಿಂದ ಹಾದುಹೋದದ್ದು ನಮಗೆ ಗೊತ್ತು.

ಇಷ್ಟಾದರೂ ಕೆಲವು ಮಕ್ಕಳು ಬೀಳುತ್ತಾರೆ. ಎಲ್ಲ ಎಚ್ಚರ ವಹಿಸಿದ ಮನೆಯಲ್ಲೂ ಬೀಳುತ್ತಾರೆ. ಮಗುವನ್ನು ಕಳೆದುಕೊಂಡ ತಂದೆತಾಯಿಗಳು ಇದನ್ನು ಓದುತ್ತಿದ್ದರೆ ಈ ಮಾತು ನಿಮಗೆ: ಸಿಲೋವಾಮಿನಲ್ಲಿ ಗೋಪುರ ಕುಸಿದು ಹದಿನೆಂಟು ಜನ ಸತ್ತಾಗ, ಅವರು ಉಳಿದವರಿಗಿಂತ ದೊಡ್ಡ ಪಾಪಿಗಳಾಗಿರಲಿಲ್ಲ ಎಂದು ಯೇಸುಸ್ವಾಮಿ ಖಂಡಿತವಾಗಿ ಹೇಳಿದರು. ನಿಮ್ಮ ಮಗು ಸತ್ತದ್ದು ನಿಮ್ಮ ಪಾಪಕ್ಕೆ ದಂಡನೆಯೆಂದು ಯಾರಾದರೂ ಹೇಳಿದರೆ, ಅವರು ಎಷ್ಟೇ ಭಕ್ತರಾಗಿರಲಿ, ಪ್ರಭುವಿನ ಮಾತಿಗೆ ವಿರುದ್ಧ ಹೇಳುತ್ತಿದ್ದಾರೆ.

ಬದುಕಿ ಉಳಿದ ಮಕ್ಕಳ ಮಾತು ಇನ್ನೂ ಕಠಿಣ. ಸಿಂದಗಿ ಕಡೆಯ ಒಬ್ಬ ತಾಯಿ ಪೂಜೆಯಾದ ಮೇಲೆ ನಿಂತು ಕೇಳಿದರು: "ಫಾದರ್, ಟ್ರ್ಯಾಲಿಯಿಂದ ಬಿದ್ದ ಮ್ಯಾಲ ಈ ಹುಡುಗ ಮೊದಲಿನಂಗ ಇಲ್ರಿ. ಗಾಯ ಮಾದೈತಿ, ಡಾಕ್ಟರು ಆರಾಮ ಅದಾನ ಅಂದಾರ. ಆದ್ರ ಸಿಟ್ಟಿಗೇಳತಾನ, ತಮ್ಮನ್ನ ಹೊಡೀತಾನ, ಓದಿದ್ದು ನೆನಪಿಡೂದಿಲ್ಲ. ನನ್ನ ಮೊದಲಿನ ಮಗ ಎಲ್ಲಿ ಹೋದಾ ಅಂತ ಅನಸ್ತದರಿ." ಮಾಸ್ತರರು ಅವನನ್ನು ಸೋಮಾರಿ ಎಂದರಂತೆ, ಅಪ್ಪ ಉಡಾಳನಾದ ಎಂದು ಹೊಡೆಯುತ್ತಾನಂತೆ, ಅಜ್ಜಿ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದ್ದಾರೆ.

ಗಾಳಿಯೂ ಅಲ್ಲ, ಉಡಾಳತನವೂ ಅಲ್ಲ. ಹಣೆಯ ಹಿಂದಿರುವ ಮಿದುಳಿನ ಭಾಗ ಸಿಟ್ಟನ್ನು ತಡೆಯುತ್ತದೆ, ಗಮನವನ್ನು ಹಿಡಿದಿಡುತ್ತದೆ. ಅದು ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಎಳೆಯ ಮಿದುಳು ಬೇಗ ಚೇತರಿಸಿಕೊಳ್ಳುತ್ತದೆ ಎಂದು ಹಿಂದೆ ನಂಬಿದ್ದರು. ಅದು ಅರ್ಧ ಸತ್ಯ ಎಂದು ಈಗ ವೈದ್ಯಶಾಸ್ತ್ರ ಒಪ್ಪುತ್ತದೆ. ಬಿತ್ತಿದಾಗಲೇ ಪೆಟ್ಟು ತಿಂದ ಬೀಜದ ನಷ್ಟ ಕಾಣುವುದು ತೆನೆಕಟ್ಟುವ ಕಾಲಕ್ಕೆ. ಐದನೆಯ ವಯಸ್ಸಿನಲ್ಲಿ ಬಿದ್ದವನ ಕಷ್ಟ ಹನ್ನೆರಡನೆಯ ವಯಸ್ಸಿನಲ್ಲಿ, ಲೆಕ್ಕ ಕಠಿಣವಾದಾಗ, ಗೆಳೆಯರು ದೂರ ಸರಿದಾಗ ಹೊರಬೀಳಬಹುದು. ಆಗ ಹಳೆಯ ಪೆಟ್ಟು ಯಾರ ನೆನಪಿನಲ್ಲೂ ಇರುವುದಿಲ್ಲ. ಅದಕ್ಕೇ ಆಸ್ಪತ್ರೆಯ ಚೀಟಿಗಳನ್ನು ಎತ್ತಿಡಿರಿ, ಶಾಲೆಗೆ ತಿಳಿಸಿರಿ. ಪಾಠವನ್ನು ಚಿಕ್ಕಚಿಕ್ಕದಾಗಿ ಹೇಳಿಸಿರಿ, ಗದ್ದಲದಿಂದ ದೂರವಿಡಿರಿ, ಗುಣವಾಗುವ ಮುನ್ನ ಮತ್ತೆ ತಲೆಗೆ ಪೆಟ್ಟಾಗದಂತೆ ನೋಡಿಕೊಳ್ಳಿರಿ. ಹೊಡೆದು ತಿದ್ದಲು ಹೋಗುವುದೆಂದರೆ ಮುರಿದ ಕಾಲಿನವನನ್ನು ಕುಂಟಬೇಡವೆಂದು ಹೊಡೆದಂತೆ.

ಮೊದಲಿನ ಮಗ ಎಲ್ಲಿ ಹೋದ ಎಂಬ ಆ ತಾಯಿಯ ಪ್ರಶ್ನೆಗೆ ಧರ್ಮಸಭೆಯಲ್ಲಿ ಉತ್ತರವಿದೆ. ಆತ್ಮವೆಂಬುದು ದೇಹವೆಂಬ ಗಾಡಿಯೊಳಗೆ ಕುಳಿತ ಸವಾರನಲ್ಲ. ದೇಹಕ್ಕೆ ಜೀವವನ್ನೂ ರೂಪವನ್ನೂ ಕೊಡುವ ತತ್ತ್ವವೇ ಆತ್ಮ ಎಂದು 1312ರಲ್ಲಿ ವಿಯೆನ್ ಮಹಾಸಭೆ ಬೋಧಿಸಿತು. ಆದ್ದರಿಂದ ಮಿದುಳಿಗೆ ಪೆಟ್ಟಾದರೆ ಮಗನೇ ನರಳುತ್ತಾನೆ, ಅವನ ಸ್ವಭಾವದಲ್ಲೇ ಅದು ತೋರುತ್ತದೆ, ಇದರಲ್ಲಿ ಆಶ್ಚರ್ಯಪಡುವಂಥದ್ದಿಲ್ಲ. ಆದರೆ ಆ ಆತ್ಮ ಬದಲಾಗಿಲ್ಲ, ಕಡಿಮೆಯಾಗಿಲ್ಲ. ದೀಕ್ಷಾಸ್ನಾನದಲ್ಲಿ ಹೆಸರಿಟ್ಟು ಕರೆದದ್ದು ಈ ಹುಡುಗನನ್ನೇ. ಅವನು ಎಲ್ಲಿಗೂ ಹೋಗಿಲ್ಲ, ಹೊರಗೆ ಬರಲು ಅವನಿಗೆ ದಾರಿ ಇಕ್ಕಟ್ಟಾಗಿದೆ. ಅಮ್ಮಾ, ಬಾಗಿಲಲ್ಲಿ ಕಾಯುತ್ತಾ ನಿಲ್ಲಿ.

ಸೌಲನ ಮೊಮ್ಮಗ ಮೆಫೀಬೋಶೆತನಿಗೆ ಐದು ವರ್ಷವಾಗಿದ್ದಾಗ ತಂದೆ ಯೋನಾತಾನನು ಯುದ್ಧದಲ್ಲಿ ಮಡಿದ ಸುದ್ದಿ ಬಂದಿತು. ಅವನನ್ನು ಎತ್ತಿಕೊಂಡು ಓಡಿದ ದಾದಿಯ ಕೈಯಿಂದ ಮಗು ಬಿದ್ದು ಎರಡೂ ಕಾಲು ಊನವಾದವು. ಆ ದಾದಿ ಕೆಟ್ಟವಳಲ್ಲ. ಅವನ ಪ್ರಾಣ ಉಳಿಸಲೆಂದೇ ಓಡಿದಳು. ಬೈಬಲ್ಲು ಅವಳನ್ನು ದೂಷಿಸುವುದಿಲ್ಲ. ವರ್ಷಗಳು ಕಳೆದ ಮೇಲೆ ಅರಸನಾದ ದಾವೀದನು ಹುಡುಕಿಸಿ ಅವನನ್ನು ಕರೆಸಿದ. ತನ್ನನ್ನು ಸತ್ತ ನಾಯಿಗೆ ಹೋಲಿಸಿಕೊಂಡು ಅಡ್ಡಬಿದ್ದ ಅವನನ್ನು ಅರಸು ಮಕ್ಕಳ ಸಾಲಿನಲ್ಲಿ, ತನ್ನ ಮೇಜಿನಲ್ಲೇ, ದಿನವೂ ಊಟಕ್ಕೆ ಕೂರಿಸಿದ. ಮೇಜಿನ ಬಟ್ಟೆಯ ಕೆಳಗೆ ಯಾರ ಕಾಲು ಊನ ಎಂದು ಯಾರಿಗೂ ಕಾಣುವುದಿಲ್ಲ. ಪೆಟ್ಟು ತಿಂದ ಮಕ್ಕಳಿಗೆ ಪೂಜೆಯಲ್ಲಿ ಗದ್ದಲ ಮಾಡುತ್ತಾರೆಂದು ಹಿಂದಿನ ಬಾಗಿಲ ಬಳಿ ಜಾಗ ತೋರಿಸುವುದನ್ನು ಬಿಡೋಣ. ಮೊದಲ ಪರಮಪ್ರಸಾದಕ್ಕೆ ಅವರನ್ನು ಸಿದ್ಧಪಡಿಸಲು ಹೆಚ್ಚು ತಿಂಗಳು ಹಿಡಿದರೆ ಹಿಡಿಯಲಿ, ಕಾಯೋಣ.

ಈಸ್ಟರ್ ಹಬ್ಬದ ನಂತರ ಎಂದಿನಂತೆ ಮನೆಗಳನ್ನು ಆಶೀರ್ವದಿಸಲು ಬರುತ್ತೇನೆ. ಅಡುಗೆಮನೆ, ಪಡಸಾಲೆ, ದನದ ಕೊಟ್ಟಿಗೆಗೆ ತೀರ್ಥ ಚಿಮುಕಿಸಿ ಹೊರಡುವುದು ರೂಢಿ. ಈ ವರ್ಷ ಮಾಳಿಗೆಗೂ ಹತ್ತುತ್ತೇನೆ. ಏಣಿ ಗಟ್ಟಿಯಾಗಿರಲಿ.